ಕುಂಕುಮ ಹಚ್ಚಿದ ಮೌಸು, ಹಚ್ಚದ ಲಟ್ಟಣಿಗೆ

ಮೌಸಿಗೆ ಕುಂಕುಮ ಹಚ್ಚಿದರೆ ಅದು ಕೆಲಸ ಮಾಡುತ್ತದೆಯೇ?

ಧಾರಾಳವಾಗಿ ಮಾಡುತ್ತದೆ. ಆದರೆ ನಮ್ಮ ಅತ್ತೆ ಬಿಡಬೇಕಲ್ಲ!

ಕಳೆದ ವಾರ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ನಡೆದದ್ದು. ಬೈಲಹೊಂಗಲದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನೊಂದು ಪುಟ್ಟ ಕಂಪ್ಯೂಟರ್ ಕ್ಲಾಸ್ ನಡೆಸುವುದು ನಿಮಗೆ ಗೊತ್ತೇ ಇದೆ. (ಅದರ ಕರೆಂಟಿನ ಗೋಳನ್ನು ಇದೇ ಅಂಕಣದಲ್ಲಿ ಎಷ್ಟು ಸಲ ಓದಿಲ್ಲ ನೀವು?) ಡಿಪ್ಲೊಮಾ ಹುಡುಗರಿಗೆ ಕ್ಯಾಡ್ ಕಲಿಸುತ್ತೇನೆ. ಅಂದರೆ ಪೆನ್ಸಿಲ್, ರಬ್ಬರ್ ಬದಲು ಮೌಸ್ ಹಿಡಿದು ಯಂತ್ರದ ನಕ್ಷೆ ಬರೆಯುವ ಸಾಫ್ಟ್‌ವೇರ್. ಅವತ್ತು ಬೆಳಿಗ್ಗೆ ನೋಡಿದರೆ ಅತ್ತೆ ನನಗಿಂತ ಮೊದಲೇ ಎದ್ದು ಆ ಕೋಣೆಗೆ ನುಗ್ಗಿದ್ದರು. ಮಾನಿಟರುಗಳ ಹಣೆಗೆಲ್ಲ ವಿಭೂತಿ, ಕುಂಕುಮ. ಪ್ರಿಂಟರಿಗೆ ಚೆಂಡು ಹೂವಿನ ಮಾಲೆ. ಒಂದೊಂದು ಮೌಸಿನ ಬೆನ್ನ ಮೇಲೂ ಒಂದೊಂದು ಸೇವಂತಿಗೆ. ಕೊಡಲಿ, ಕುಡುಗೋಲು, ಕತ್ತರಿ, ನನ್ನ ಗಂಡನ ಸ್ಕೂಟರು, ಇವುಗಳ ಜಾತಿಗೆ ನನ್ನ ಕೀಬೋರ್ಡುಗಳೂ ಸೇರಿಹೋಗಿದ್ದವು.

ಚಂದ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ?

ತೊಂದರೆ ಇರುವುದು ನಮ್ಮ ಮನೆಯ ಕಾನೂನಿನಲ್ಲಿ. ಪೂಜೆಗೆ ಇಟ್ಟ ಆಯುಧವನ್ನು ಮರುದಿನ ಪೂಜೆ ಇಳಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಅದಕ್ಕೊಂದು ದಿನ ರಜೆ.

ಅಷ್ಟರಲ್ಲಿ ಗೇಟು ತಳ್ಳಿಕೊಂಡು ರೇಣುಕಾ ಬಂದಳು. ಸಿರಸಂಗಿಯ ಹುಡುಗಿ, ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಾಳೆ. ಹಬ್ಬಕ್ಕೂ ಊರಿಗೆ ಹೋಗಿರಲಿಲ್ಲ. ಕಾರಣ, ಒಂದು ರೋಬೋಟ್. ಭಾನುವಾರ ಬೆಳಗಾವಿಯಲ್ಲಿ ಕಾಲೇಜು ಹುಡುಗರ ಸ್ಪರ್ಧೆ. ರೋಬೋಟ್ ಗಾಡಿ ಓಡಿಸಿಕೊಂಡು ಹೋಗಿ, ಅದರ ಕೈಯಿಂದ ಕಟ್ಟಿಗೆ ತುಂಡನ್ನು ಹಿಡಿಸಿ, ಕೈಯನ್ನು ಪಕ್ಕಕ್ಕೆ ತಿರುಗಿಸಿ ಬುಟ್ಟಿಗೆ ಹಾಕಿಸಬೇಕು. ಹೋದ ವರ್ಷ ಇವರ ತಂಡ ನಕ್ಷೆ ಗಿಕ್ಷೆ ಏನೂ ಇಲ್ಲದೆ ಕಣ್ಣಳತೆಯಲ್ಲೇ ವೆಲ್ಡಿಂಗ್ ಮಾಡಿ ಒಯ್ದಿತ್ತು. ಹೋಗುವಾಗ ರೋಬೋಟ್ ಆಗಿದ್ದದ್ದು ಬರುವಾಗ ಗೋಣಿಚೀಲದಲ್ಲಿ ಗುಜರಿಯಾಗಿ ಬಂತು.

ಹಾಗಾಗಿ ಈ ವರ್ಷ ರೇಣುಕಾ ಹಟ ಹಿಡಿದಿದ್ದಳು. ಮೊದಲು ಕ್ಯಾಡ್‌ನಲ್ಲಿ ಬರೆಯೋಣ, ಆಮೇಲೆ ಕಬ್ಬಿಣಕ್ಕೆ ಕೈ ಹಾಕೋಣ. ತಂಡದ ಮಹಾಂತೇಶನಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಅವನ ಕಾಕಾನದು ವೆಲ್ಡಿಂಗ್ ಅಂಗಡಿ. ಅವನ ಕೈ ಯಾವಾಗಲೂ ತುರಿಸುತ್ತಿರುತ್ತದೆ. "ಬರಕೋತ ಕುಂತ್ರ ಸ್ಪರ್ಧಾ ಮುಗದ ಹೊಕ್ಕೈತಿ. ನಾಳೆ ಮಧ್ಯಾಹ್ನ ಪ್ರಿಂಟ್ ಕೈಯಾಗ ಬರಲಿಲ್ಲಂದ್ರ ನಾ ಕಣ್ಣಳತಿಲೇ ಚಾಲೂ ಮಾಡಾಂವ" ಎಂದು ಅವತ್ತೇ ಬೆಳಿಗ್ಗೆ ಗಡುವು ಕೊಟ್ಟಿದ್ದ. ನಕ್ಷೆಯಲ್ಲಿ ರೋಬೋಟಿನ ಕೈಯ ಜಾಗ, ಉದ್ದವಷ್ಟೇ ಗುರುತಾಗಿತ್ತು, ಅದರ ಬಿಡಿಭಾಗಗಳನ್ನು ಬರೆಯುವುದು ಇನ್ನೂ ಬಾಕಿ ಇತ್ತು. ಕಾಲೇಜಿನ ಲ್ಯಾಬಿಗೆ ರಜೆ. ಇವತ್ತೊಂದು ದಿನ ಹೋದರೆ ತಿಂಗಳ ಶ್ರಮ ಹೋದಂತೆ.

ಬಾಗಿಲಲ್ಲಿ ನಿಂತ ರೇಣುಕಾ ಒಳಗಿನ ಹೂವಿನ ಅಲಂಕಾರ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಅತ್ತೆಯ ಮುಖ ನೋಡಿದೆ.

"ಅತ್ತೀ, ಒಂದ ಕಂಪ್ಯೂಟರ್ ಅಷ್ಟ ಎಬ್ಬಸ್ತೇನ್ರಿ. ಹುಡುಗಿ ಪಾಡು ನೋಡ್ರಿ."

"ನಾಳೆ ಎಬ್ಬಸವಾ. ಅದಕ್ಕೂ ಒಂದ ದಿನ ಆರಾಮ ಬ್ಯಾಡೇನು?"

"ಅದೇನು ಆಯುಧ ಅಲ್ರಿ. ನಕ್ಷಾ ಬರಿಯೂ ಸಾಮಾನು."

"ಕುಂಕುಮ ಹಚ್ಚೇನಿಲ್ಲ? ಮುಗೀತು. ಈಗ ಅದು ಆಯುಧನ."

ಇಂಥ ತರ್ಕಕ್ಕೆ ಯಾವ ಕೋರ್ಟಿನಲ್ಲಿ ಅಪೀಲು ಮಾಡುತ್ತೀರಿ? ಅಷ್ಟು ಹೇಳಿ ಅತ್ತೆ ಕೋಣೆಯ ಹೊಸ್ತಿಲಿಗೆ ಅಡ್ಡವಾಗಿ ಕೂತು ದೀಪದ ಬತ್ತಿ ಹೊಸೆಯತೊಡಗಿದರು.

ಅಷ್ಟರಲ್ಲಿ ತಂಡದ ಹುಡುಗರೊಂದಿಗೆ ಬಂದ ಮಹಾಂತೇಶನನ್ನು ಪೇಟೆಗೆ ಓಡಿಸಿದೆ. ಬೇರೆ ಯಾರದಾದರೂ ಕಂಪ್ಯೂಟರ್ ಸಿಗಬಹುದು ಎಂಬ ಆಸೆ. ಹೋದಷ್ಟೇ ಬೇಗ ತಿರುಗಿ ಬಂದ. "ಅಕ್ಕಾರ, ಊರಾಗ ಒಂದ ಕಂಪ್ಯೂಟರೂ ಎಚ್ಚರಿಲ್ರಿ. ಎಲ್ಲಾಕ್ಕೂ ಮಾಲಿ ಹಾಕ್ಯಾರ." ಕಿತ್ತೂರಿನಲ್ಲಿ ಹೈವೇ ಪಕ್ಕ ಝೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ತಮ್ಮನಿಗೆ ಫೋನ್ ಹಚ್ಚಿದೆ. "ಬಾಳಿ ಕಂಬ ಕಟ್ಟೇನಿ ಅಕ್ಕಾ, ಒಳಗ ಹೋಗಾಕ ನನಗ ಜಾಗಾ ಇಲ್ಲ" ಎಂದು ನಕ್ಕ. ಸುತ್ತಲಿನ ಯಂತ್ರಗಳೆಲ್ಲ ಹೂ ಮುಡಿದು ನಿದ್ದೆ ಹೊಡೆಯುತ್ತಿದ್ದವು. ರೇಣುಕಾಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನನಗೋ ಮೈಯೆಲ್ಲ ಸಿಟ್ಟು.

ಅತ್ತೆಗೆ ಅಳುವ ಹುಡುಗಿಯರನ್ನು ನೋಡಿ ಅಭ್ಯಾಸವಿಲ್ಲ. ರಂಗೋಲಿ ಬಟ್ಟಲನ್ನು ಅವಳ ಕೈಗೆ ತುರುಕಿದರು. "ಸುಮ್ನ ಕುಂದ್ರಬ್ಯಾಡ. ಪಡಸಾಲ್ಯಾಗ ಒಂದು ರಂಗೋಲಿ ಹಾಕು. ಮನಸಿಗೆ ಹಗುರಾಕ್ಕೈತಿ."

ರೇಣುಕಾ ಕೂತಳು. ಆದರೆ ಅವಳು ಹಾಕಿದ್ದು ಕಮಲವೂ ಅಲ್ಲ, ನವಿಲೂ ಅಲ್ಲ. ಚೀಲದಿಂದ ಫುಟ್‌ಪಟ್ಟಿ ತೆಗೆದಳು (ಅದಕ್ಕೆ ಕುಂಕುಮ ಬಿದ್ದಿರಲಿಲ್ಲ!), ಅಳೆದು ಅಳೆದು ಗೆರೆ ಎಳೆದಳು. ಅಳತೆಗಳೆಲ್ಲ ಹುಡುಗಿಗೆ ಬಾಯಿಪಾಠ.

"ಏನವಾ ಇದು, ಚಕ್ಕಡಿ?" ಅತ್ತೆ ಬಗ್ಗಿ ನೋಡಿದರು.

"ರೋಬೋಟ್ರಿ ಅಮ್ಮಾರ. ಇದ್ದಷ್ಟ ಅಳತಿ."

ಪರದೆಯ ಮೇಲೆ ಅಂಗೈಯಷ್ಟೇ ಕಾಣುತ್ತಿದ್ದದ್ದು ಈಗ ಪಡಸಾಲೆಯಲ್ಲಿ ನಿಜವಾದ ಗಾತ್ರದಲ್ಲಿ ಮಲಗಿತ್ತು. ನೋಡಿ ನನಗೇ ಖುಷಿಯಾಯಿತು. ರೇಣುಕಾಳಿಗೂ ಹುರುಪು ಬಂತು. ಗೆರೆಯ ಮೇಲೆ ಒಂದು ಊಟದ ಮಣೆ ತಂದಿಟ್ಟಳು, ಅದು ಗಾಡಿಯ ಹಲಗೆ. ಮಣೆಯ ಎರಡೂ ಬದಿಗೆ ದೊಡ್ಡ ಡಬ್ಬಿಗಳ ಮುಚ್ಚಳ ನಿಲ್ಲಿಸಿದಳು, ಅವು ಗಾಲಿ. ಇನ್ನು ರೋಬೋಟಿನ ಕೈ ಆಗಬೇಕು.

"ಅಮ್ಮಾರ, ಲಟ್ಟಣಗಿಗೆ ಕುಂಕುಮ ಹಚ್ಚೀರೇನ್ರಿ?"

"ಅದಕ್ಹೆಂಗ ಹಚ್ಚಲಿ? ಹೋಳಗಿ ಯಾತರಲೆ ಮಾಡೂದು?"

(ಓದುಗರು ಗಮನಿಸಬೇಕು. ಕೊಡಲಿಗೆ ರಜೆ, ಸ್ಕೂಟರಿಗೆ ರಜೆ, ಪ್ರಿಂಟರಿಗೂ ರಜೆ. ಲಟ್ಟಣಿಗೆಗೆ ಮತ್ತು ಅದನ್ನು ಹಿಡಿದವಳಿಗೆ ಮಾತ್ರ ಇಲ್ಲ. ಈ ವಿಷಯದಲ್ಲಿ ಅತ್ತೆಗೂ ನನಗೂ ಬೇರೆಯೇ ಒಂದು ಜಗಳ ಬಾಕಿ ಇದೆ.)

ರೇಣುಕಾ ಲಟ್ಟಣಿಗೆಯನ್ನು ಮಣೆಯ ಮೇಲಿಟ್ಟು, ಕಟ್ಟಿಗೆ ತುಂಡನ್ನು ಹಿಡಿದವಳಂತೆ ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದಳು.

ಠಣ್!

ಮುಚ್ಚಳ ಉರುಳಿ ಪಡಸಾಲೆ ದಾಟಿ ಅತ್ತೆಯ ಕಾಲ ಬಳಿ ಹೋಗಿ ಮಲಗಿತು. ನಾವೆಲ್ಲ ನಕ್ಕೆವು. ರೇಣುಕಾ ನಗಲಿಲ್ಲ. ಮುಚ್ಚಳವನ್ನು ಮತ್ತೆ ನಿಲ್ಲಿಸಿ, ಮತ್ತೆ ತಿರುಗಿಸಿದಳು. ಮತ್ತೆ ಠಣ್.

"ಅಕ್ಕಾರ... ಕೈ ಗಾಲಿಗೆ ಬಡಿತೈತ್ರಿ."

ಹೌದಲ್ಲ! ಗಾಲಿ ಹಲಗೆಗಿಂತ ಮೇಲೆದ್ದಿದೆ. ಕೈ ಹಲಗೆಯ ಮೇಲೇ ಕೂತಿದೆ. ತಿರುಗಿದರೆ ಬಡಿಯದೆ ಏನು ಮಾಡೀತು? ಕಂಪ್ಯೂಟರಿನಲ್ಲಿ ನಾವು ಮೇಲಿನಿಂದ ನೋಡಿದ ನಕ್ಷೆ ಬೇರೆ, ಪಕ್ಕದಿಂದ ನೋಡಿದ ನಕ್ಷೆ ಬೇರೆ ಬರೆದಿದ್ದೆವು. ಮೊದಲನೆಯದರಲ್ಲಿ ಎತ್ತರ ಕಾಣುವುದಿಲ್ಲ. ಎರಡನೆಯದರಲ್ಲಿ ಕೈ ತಿರುಗುವುದು ಕಾಣುವುದಿಲ್ಲ. ಒಂದೊಂದಾಗಿ ನೋಡಿದರೆ ಎರಡೂ ಸರಿ. ನಾನೂ ನೋಡಿ 'ಫಸ್ಟ್ ಕ್ಲಾಸ್' ಎಂದು ಬೆನ್ನು ತಟ್ಟಿದ್ದೆ. ಮೇಡಮ್ಮಿನ ಮರ್ಯಾದೆ ಡಬ್ಬಿ ಮುಚ್ಚಳದ ಜೊತೆ ಉರುಳಿತು.

ಮಹಾಂತೇಶ ಇಂಥದ್ದಕ್ಕೇ ಕಾಯುತ್ತಿದ್ದ. "ನೋಡ್ರಿ! ತಿಂಗಳಗಟ್ಲೆ ಬರದಿದ್ದು ಏನಾತು?"

"ಏನಾತು?" ರೇಣುಕಾ ಗರ್ರನೆ ತಿರುಗಿದಳು. "ಒಂದು ಮುಚ್ಚಳ ಬಿತ್ತು. ಎತ್ತಿ ಇಟ್ನಿ. ಇದನ್ನ ನೀ ಕಬ್ಬಣದಾಗ ಮಾಡಿದ್ರ ಎಲ್ಲಿ ಗೊತ್ತಾಗ್ತಿತ್ತು? ಬೆಳಗಾವ್ಯಾಗ, ಮಂದಿ ಮುಂದ. ಮತ್ತೊಂದ ಗೋಣಿಚೀಲ ತಗೊಂಡ ಹೋಗಾಂವ ಇದ್ದೇನು?"

ಮಹಾಂತೇಶ ಎದ್ದು ಅಡುಗೆಮನೆಗೆ ಹೋದ. ಬರುವಾಗ ಅವನ ಕೈಯಲ್ಲಿ ನಾಲ್ಕೈದು ಬಟ್ಟಲುಗಳಿದ್ದವು. ಒಂದೊಂದನ್ನೇ ಬೋರಲು ಹಾಕಿ, ಲಟ್ಟಣಿಗೆಯ ಕೆಳಗಿಟ್ಟು, "ಈಗ ತಿರುವು" ಎಂದ. ತಾಗಿತು. "ಈಗ?" ತಾಗಿತು. ಸಾರಿನ ಬಟ್ಟಲಿಟ್ಟಾಗ ಲಟ್ಟಣಿಗೆ ಮುಚ್ಚಳದ ಮೇಲಿಂದ ಸುಯ್ಯೆಂದು ದಾಟಿಹೋಯಿತು. ಇಬ್ಬರೂ ಒಟ್ಟಿಗೇ ಕಿರುಚಿದ ಕಿರುಚಿಗೆ ಪಕ್ಕದ ಮನೆಯವರು ಹಣಿಕಿ ನೋಡಿದರು. ರೇಣುಕಾ ಬಟ್ಟಲಿನ ಎತ್ತರ ಅಳೆದುಕೊಂಡಳು.

"ಆತಿಲ್ಲ? ನನ್ನ ಲಟ್ಟಣಗಿ ತರ್ರಿ, ಕಣಕ ಒಣಗಾಕ ಹತ್ತೈತಿ!" ಒಳಗಿಂದ ಅತ್ತೆ ಕೂಗಿದರು. ಅವತ್ತು ನಮ್ಮ ಮನೆಯಲ್ಲಿ ತಂಡದವರೆಲ್ಲ ಹೋಳಿಗೆ ಬಾರಿಸಿದ ಪರಿ ನೋಡಬೇಕಿತ್ತು.

ಮರುದಿನ ಅತ್ತೆ ಕಾಯಿ ಒಡೆದು, "ಈಗ ಎಬ್ಬಸ್ರಿ" ಎಂದು ಅಪ್ಪಣೆ ಕೊಟ್ಟರು. ದಿನವಿಡೀ ಹಿಡಿಯಬೇಕಿದ್ದ ಕೆಲಸ. ಎಲ್ಲ ಅಳತೆ ನೆಲದ ಮೇಲೇ ಇತ್ಯರ್ಥವಾಗಿದ್ದರಿಂದ ರೇಣುಕಾ ಊಟದ ಹೊತ್ತಿಗೆ ಮುಗಿಸಿಬಿಟ್ಟಳು. ಬಿಸಿ ಬಿಸಿ ಪ್ರಿಂಟ್ ಹಿಡಿದು ಮಹಾಂತೇಶ ಕಾಕಾನ ಅಂಗಡಿಗೆ ಓಡಿದ. ಸಂಜೆ ಬನ್ನಿ ಕೊಡಲು ಬಂದವನ ಅಂಗಿಯ ತುಂಬ ವೆಲ್ಡಿಂಗಿನ ಕಿಡಿ ಸುಟ್ಟ ತೂತುಗಳು.

ಬೆಳಗಾವಿಗೆ ನಾನೂ ಹೋಗಿದ್ದೆ. ನಮ್ಮ ರೋಬೋಟ್ ಕಟ್ಟಿಗೆ ತುಂಡನ್ನು ಕಚ್ಚಿ ಹಿಡಿಯಿತು. ಕೈ ತಿರುಗತೊಡಗಿತು. ಗಾಲಿ ಹತ್ತಿರ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಕೇಳಿಸಿದ್ದು ತುಂಡು ಬುಟ್ಟಿಗೆ ಬಿದ್ದ ಸದ್ದು. ಆಮೇಲೆ ಇನ್ನೊಂದು, ಮತ್ತೊಂದು! ಕಣ್ಣು ಬಿಟ್ಟಾಗ ರೇಣುಕಾ ಕುಣಿಯುತ್ತಿದ್ದಳು. ನಾನೂ ಕುಣಿದೆ. (ವಯಸ್ಸು ಕೇಳಬೇಡಿ.)

ಮೂರನೇ ಬಹುಮಾನ ಬಂತು. ಕಪ್ ಮೊದಲ ಸ್ಥಾನದವರಿಗಷ್ಟೇ, ನಮಗೆ ಒಂದು ಗೋಡೆ ಗಡಿಯಾರ. ತಪ್ಪು ಮಾಡುವುದಕ್ಕೂ ಒಂದು ಜಾಗ ಇರುತ್ತದೆ, ಪಡಸಾಲೆಯಲ್ಲಿ ಮಾಡಿದರೆ ನಗೆ, ಪರವೂರಿನಲ್ಲಿ ಮಾಡಿದರೆ ನಗೆಪಾಟಲು ಎಂದು ಬಸ್ಸಿನಲ್ಲಿ ಹುಡುಗರಿಗೆ ಉಪದೇಶ ಮಾಡಲು ಹೊರಟೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಮಹಾಂತೇಶ ಸೀಟಿನ ಮೇಲಿಂದ ಮುಂದಕ್ಕೆ ಬಾಗಿ ರೇಣುಕಾಳನ್ನು ಕೇಳುತ್ತಿದ್ದ: "ಮುಂದಿನ ವರ್ಷದ್ದು ಬರಿಯಾಕ ಯಾವಾಗ ಚಾಲೂ ಮಾಡೂಣು? ಅದು ಮುಗಿಯೂತನಕಾ ನಾ ಕಬ್ಬಣ ಮುಟ್ಟಾಂವಲ್ಲ."

ಆ ಹುಡುಗನ ಬಾಯಿಂದ ಈ ಮಾತು ಬಂದ ಮೇಲೆ, ಆ ಕಪ್ ಯಾರಿಗೆ ಬೇಕು ಹೇಳಿ?