ಐದರಲ್ಲಿ ಒಂದು

ಲೆಕ್ಕದಲ್ಲಿ ನಾನು ಹುಲಿ ಎಂದು ಹೊನ್ನಾಳಿಯ ನಮ್ಮ ಬೀದಿಗೆಲ್ಲ ಡಂಗುರ ಹೊಡೆದವನು ನಾನೇ, ಬೇರೆ ಯಾರೂ ಅಲ್ಲ. ಎಪ್ಪತ್ತರ ದಶಕದ ಕೊನೆ. ದಾವಣಗೆರೆಗೆ ಬಸ್ಸಿನಲ್ಲಿ ಓಡಾಡಿ ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೆ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನನ್ನ ತಂಗಿ ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲೇ ಫೇಲಾಗಿ ಅಕ್ಟೋಬರ್ ಪರೀಕ್ಷೆಗೆ ಕಟ್ಟಿದ್ದಳು. ಟೀಚರ್ ಆಗಬೇಕೆಂಬ ಹುಚ್ಚು ಅವಳಿಗೆ. ಅಪ್ಪ ಖಡಾಖಂಡಿತ ಹೇಳಿದ್ದರು: "ಈ ಸಲ ಪಾಸಾದ್ರೆ ಟ್ರೈನಿಂಗಿಗೆ ಕಳಿಸ್ತೀನಿ. ಆಗ್ಲಿಲ್ಲಾ, ಜಗಳೂರಿನ ಗಂಡಿಗೆ ಹೂಂ ಅಂತೀನಿ. ಆಮೇಲೆ ಅಳಾಕೆ ಬರಬ್ಯಾಡ."

ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಶೇಕಡಾ, ಸರಾಸರಿ ಎಲ್ಲ ಬೇಗ ಹಿಡಿದಳು. ಎಕ್ಸ್‌ಗೆ ಎರಡು ಕೊಟ್ಟರೆ ಏಳು, ಮೂರು ಕೊಟ್ಟರೆ ಒಂಬತ್ತು ಬರುವ ಫಂಕ್ಷನ್ ಲೆಕ್ಕ ನೋಡಿ, "ಹಿಟ್ಟಿನ ಗಿರಣಿ ಇದ್ದಂಗೆ ಐತಲ್ಲಣ್ಣ ಇದು" ಎಂದು ನಕ್ಕಳು.

ಉಳಿದದ್ದು ಸಂಭವನೀಯತೆ. ಪುಸ್ತಕ ಬಿಡಿಸಿ ಹೇಳುವ ತಾಳ್ಮೆ ನನಗೆಲ್ಲಿತ್ತು? ಅವಳು ಅವ್ವನ ಜೊತೆ ಚೌಕಾಬಾರ ಆಡುತ್ತಿದ್ದ ನಾಲ್ಕು ಕವಡೆ ತಂದು ನೆಲಕ್ಕೆ ಚೆಲ್ಲಿದೆ.

"ಒಂದು ಬಾಯಿ ಮೇಲಾಗಿ ಬೀಳಬೋದು, ಎರಡು ಬೀಳಬೋದು, ಮೂರು ಬೀಳಬೋದು. ನಾಲ್ಕೂ ಬಿದ್ರೆ ಚೌಕ, ಒಂದೂ ಇಲ್ದಿದ್ರೆ ಎಂಟು. ಒಟ್ಟು ಐದು ಬಗೆ. ಅಂದ್ರೆ ಚೌಕ ಬೀಳೋ ಸಂಭವ ಐದರಲ್ಲಿ ಒಂದು. ಬರ್ಕೋ."

ಅವಳು ಬರೆದುಕೊಳ್ಳಲಿಲ್ಲ. "ಅದ್ಹೆಂಗಣ್ಣ? ಎರಡು ಬಿದ್ದೂ ಬಿದ್ದೂ ಸಾಕಾಗ್ತೈತೆ. ಚೌಕ ಬೀಳಾಕೆ ಹರಕೆ ಹೊರಬೇಕು. ಎರಡೂ ಒಂದೇ ಹೆಂಗಾಗ್ತವೆ?"

ನನಗೆ ರೇಗಿತು. "ಬಿ.ಎಸ್ಸಿ. ಓದೋನು ನಾನೋ ನೀನೋ? ಆಟ ಬ್ಯಾರೆ, ಗಣಿತ ಬ್ಯಾರೆ. ಹೇಳಿದಷ್ಟು ಬರಿ."

ತಲೆ ತಗ್ಗಿಸಿ ಬರೆದುಕೊಂಡಳು.

ಪರೀಕ್ಷೆಯಲ್ಲಿ ನಾಲ್ಕು ನಾಣ್ಯ ಚಿಮ್ಮಿದರೆ ನಾಲ್ಕೂ ತಲೆ ಬೀಳುವ ಸಂಭವ ಕೇಳಿದ್ದರು, ನಾಲ್ಕು ಅಂಕಕ್ಕೆ. "ಐದರಲ್ಲಿ ಒಂದು ಅಂತ ಬರ್ದೆ" ಎಂದಳು. ಶಭಾಷ್ ಎಂದು ಬೆನ್ನು ತಟ್ಟಿದೆ. ಬಂದದ್ದು ಮೂವತ್ತೆರಡು; ಪಾಸಾಗಲು ಮೂವತ್ತೈದು ಬೇಕಿತ್ತು. ಎರಡು ದಿನ ಅವಳು ಅನ್ನ ಮುಟ್ಟಲಿಲ್ಲ. ಅಪ್ಪ ಮಾತು ಉಳಿಸಿಕೊಂಡರು. ಮಾಘದಲ್ಲಿ ಮದುವೆಯಾಯಿತು.

ಮರುವರ್ಷ ಕಾಲೇಜಿನಲ್ಲಿ ಮೇಷ್ಟ್ರು ನಾಲ್ಕು ನಾಣ್ಯ ಬೀಳುವ ಬಗೆಗಳನ್ನೆಲ್ಲ ಬೋರ್ಡಿನ ಮೇಲೆ ಬರೆದರು. ಹದಿನಾರು. ಎರಡು ತಲೆ ಇದ್ದವು ಆರು, ನಾಲ್ಕೂ ತಲೆ ಇದ್ದದ್ದು ಒಂದೇ ಒಂದು. ಆಡಿ ಕಂಡ ಅವಳ ಮಾತೇ ಸರಿಯಿತ್ತು. ಅಯ್ಯೋ, ನನ್ನ ನಾಲಿಗೆಗೆ ಬೆಂಕಿ ಬೀಳ! ತಂಗಿಯ ಬಾಳನ್ನು ನಾನೇ ಕೆಡಿಸಿದ್ದೆ.

ಎಂಟು ವರ್ಷ ಬಾಯಿ ಬಿಡಲಾಗಲಿಲ್ಲ. ಅವಳಲ್ಲಿಗೆ ಹೋದಾಗಲೆಲ್ಲ ಕಾಫಿ ಕುಡಿದು, ಮಕ್ಕಳಿಗೆ ಬಿಸ್ಕತ್ತು ಕೊಟ್ಟು, ಹೇಡಿಯಂತೆ ಬಸ್ಸು ಹತ್ತುತ್ತಿದ್ದೆ. ಕೊನೆಗೊಮ್ಮೆ ಜಗಳೂರಿನ ಅವಳ ಮನೆಯಲ್ಲಿ, ಅವಳು ಅಕ್ಕಿ ಆರಿಸುತ್ತ ಕೂತಿದ್ದಾಗ, ಎಲ್ಲ ಹೇಳಿಬಿಟ್ಟೆ.

ಅವಳ ಕೈ ಮೊರದಲ್ಲೇ ನಿಂತಿತು. "ಗೊತ್ತಿತ್ತು ಬಿಡಣ್ಣ. ಪರೀಕ್ಷೇಲಿ ಒಂದೊಂದಾಗಿ ಬರ್ದು ನೋಡಿದ್ದೆ. ಹದಿನಾರು ಬಂದಿದ್ವು. ಹದಿನಾರರಲ್ಲಿ ಒಂದು ಅಂತ ಉತ್ತರಾನೂ ಬರ್ದಿದ್ದೆ."

"ಮತ್ತೆ?"

"ಹೊಡೆದಾಕಿ ನಿಂದು ಬರ್ದೆ. ನಮ್ಮಣ್ಣ ತಪ್ಪು ಹೇಳ್ತಾನಾ ಅನ್ಕಂಡೆ."