ಆರು ಟ್ರಾನ್ಸಿಸ್ಟರುಗಳ ಮೆಕ್ಯಾನಿಕ್

ಕುಷ್ಟಗಿಯ ಆ ಮೆಕ್ಯಾನಿಕ್ ಹೊಸ ಬಿಡಿಭಾಗವನ್ನೂ ಮೀಟರಿಗೆ ಹಚ್ಚದೆ ನಂಬುತ್ತಿರಲಿಲ್ಲ. “ಅಳದು ನೋಡೂಣ್ರಿ” ಎನ್ನುವುದು ಅವರ ಮಾತು. ನಾನು ಅವರನ್ನೇ ನಂಬಲಿಲ್ಲ.

ಇರಕಲ್ಲಗಡದಲ್ಲಿ ಗೇಟು, ಕಿಟಕಿ ಮಾಡುವ ನನ್ನ ವೆಲ್ಡಿಂಗ್ ಮಷಿನ್ ಕೆಟ್ಟಿತ್ತು. ಒಳಗಿನ ಆರು ಟ್ರಾನ್ಸಿಸ್ಟರುಗಳಲ್ಲಿ ಸುಟ್ಟಿದ್ದು ಎರಡೇ. ಅವರು ಆರನ್ನೂ ಬಿಚ್ಚಿದ್ದರು.

“ಛಲೋ ಇದ್ದ ನಾಕು ಯಾಕ ತೆಗದ್ರಿ?” ಎಂದೆ.

“ಆರಕ್ಕೂ ಒಂದ ಡ್ರೈವರ್ ಚಿಪ್ಪಿನಿಂದ ಹುಕುಂ ಹೋಗ್ತೈತ್ರಿ. ಒಂದು ಉಳಿದವುಕ್ಕಿಂತ ಮೊದಲ ಆನ್ ಆದ್ರ ಭಾರ ಎಲ್ಲಾ ಅದರ ಮ್ಯಾಲ. ಆರೂ ಒಂದ ಥರದವು ಇರಬೇಕು, ಒಂದೊಂದಕ್ಕೂ ತನ್ನದ ಒಂದು ರೆಸಿಸ್ಟರ್ ಬೇಕು.”

ಆ ನಾಲ್ಕನ್ನು ಕದಿಯುವ ಹುನ್ನಾರವೆಂದು ನನಗನ್ನಿಸಿತು. ಎಲ್ಲ ಕಟ್ಟಿಕೊಂಡು ಹೋಗಿ, ಬೇರೆಡೆ ಹಳೆಯ ನಾಲ್ಕರ ಜೊತೆ ಎರಡು ಹೊಸವನ್ನು ಹಾಕಿಸಿದೆ. ಮೊದಲ ರಾಡು ಹಚ್ಚುತ್ತಲೇ ಮಷಿನಿನೊಳಗೆ ಢಂ ಎಂದಿತು. ಶಾಲೆಯ ಗೇಟಿನ ಕೆಲಸ ಅರ್ಧಕ್ಕೆ ನಿಂತಿತು.

ಮತ್ತೆ ಕುಷ್ಟಗಿಯ ಮೆಕ್ಯಾನಿಕ್ ಬಳಿಗೇ ಹೋದೆ. ಅವರು ಆರೂ ಹೊಸವನ್ನು ಹಾಕಿ, ಅಂಗಡಿಯ ಮುಂದೆಯೇ ನನ್ನಿಂದ ಮೂರು ರಾಡು ಸುಡಿಸಿದರು. ಕರೆಂಟು ತೆಗೆದು, ಸ್ವಲ್ಪ ತಡೆದು, ನನ್ನ ಬೆರಳು ಹಿಡಿದು ಒಂದೊಂದೇ ಟ್ರಾನ್ಸಿಸ್ಟರನ್ನು ಮುಟ್ಟಿಸಿದರು.

“ಬಿಸಿ ಸಮ ಐತೇನ್ರಿ?”

“ಸಮ ಐತ್ರಿ.”

ನನ್ನ ಅನುಮಾನ ಹೋಯಿತು. ಅವರದು ಹೋಗಿರಲಿಲ್ಲ. ಮುಚ್ಚಳದ ಸ್ಕ್ರೂಗಳ ಮೇಲೆ ಒಂದೊಂದು ಹನಿ ಕೆಂಪು ನೇಲ್ ಪಾಲಿಶ್ ಬಿಟ್ಟು, ಅದು ಒಣಗುವವರೆಗೂ ಮಷಿನ್ ಮೇಲೆ ಕೈಯಿಟ್ಟು ಕುಳಿತರು.

“ಇದು ಯಾಕ್ರಿ?”

“ಮತ್ತೊಬ್ಬರು ಬಿಚ್ಚಿದ್ರ ನನಗ ಗೊತ್ತಾಗಬೇಕಲ್ರಿ” ಎಂದರು, ನನ್ನ ಮುಖವನ್ನೇ ನೋಡುತ್ತ.