ಮಾರ್ತಾಳ ನಾಚಿಕೆ

ಪಾರ್ಕ್ ರಾಯಲ್ ಹತ್ತಿರದ ಚರ್ಚಿನ ಅಡುಗೆಮನೆಯಲ್ಲಿ ಅವತ್ತು ಇದ್ದವರು ಕೊಲಂಬಿಯಾ, ಈಕ್ವೆಡಾರ್ ಕಡೆಯಿಂದ ವಲಸೆ ಬಂದ ಏಳೆಂಟು ಹೆಂಗಸರು, ಒಬ್ಬ ನರ್ಸ್, ಇಲ್ಲಿನ ಕೌನ್ಸಿಲಿನ ಆರೋಗ್ಯ ವಿಭಾಗದ ಪರವಾಗಿ ನಾನು, ಮತ್ತೆ ಆ ಹೆಂಗಸರ ಕಡೆಯವಳೇ ಆದ ಮಾರ್ತಾ. ಸ್ತನದ ಗಂಟಿನ ಬಗ್ಗೆ ಸ್ಪ್ಯಾನಿಷ್‌ನಲ್ಲಿ ಮಾಡಿಸಿದ್ದ ಪೋಸ್ಟರನ್ನು ನರ್ಸ್ ಬಿಚ್ಚಿದ್ದೇ ತಡ, ಎಲ್ಲರ ಕಣ್ಣೂ ನೆಲಕ್ಕಿಳಿದವು. ಮಾರ್ತಾ ಅದನ್ನು ಸುತ್ತಿ ಮೂಲೆಗಿಟ್ಟು, ಮೆಕ್ಕೆಜೋಳದ ಹಿಟ್ಟಿನ ಬೋಗುಣಿಯನ್ನು ನಡುವೆ ತಂದಳು.

"ಮೊದ್ಲ ಅವರ ಕೈ ಹಿಟ್ಟಿನಾಗ ಇರ್ಲಿ. ಕೈ ಖಾಲಿ ಇದ್ರ ನಾಚಿಕಿ ಭಾಳ," ಅಂದಳು ನಮಗೆ. ಅವಳ ಹರಕು ಇಂಗ್ಲಿಷು ನನ್ನ ಕಿವಿಗೆ ಧಾರವಾಡದ ಮಾತಿನ ಹಾಗೇ ಕೇಳುತ್ತಿತ್ತು, ಹಾಗೇ ಬರೆದಿದ್ದೇನೆ. ರೊಟ್ಟಿ ತಟ್ಟುತ್ತ, ಯಾರ ಮುಖ ಯಾರೂ ನೋಡದೆ, ಮಾತು ತಾನಾಗಿ ಹೊರಟಿತು.

ಆಮೇಲಿಂದ ಆಫೀಸಿನಿಂದ ಬಂದ ಪೋಸ್ಟರು, ಚಿತ್ರಗಳನ್ನೆಲ್ಲ ಮೊದಲು ಅವಳಿಗೆ ತೋರಿಸುತ್ತಿದ್ದೆ. ಬರೀ ಎದೆಯಿದ್ದ ಒಂದು ಚಿತ್ರ ನೋಡಿ, "ಈಕಿ ತಲಿ ಎಲ್ಲಿ? ತಲಿ ಇಲ್ಲದಾಕಿ ಮಾತು ಯಾರ್ ಕೇಳ್ತಾರ?" ಅಂತ ನಕ್ಕಿದ್ದಳು. ನನ್ನನ್ನು ಕೊಮಾದ್ರೆ ಅನ್ನುತ್ತಿದ್ದಳು. ನಮ್ಮ ಕಡೆ ಬೀಗತಿ ಅನ್ನುವಷ್ಟು ಸಲಿಗೆ. ನಮ್ಮನೆಯಲ್ಲೂ ಆ ಅಂಗದ ಹೆಸರು ಗಂಡಸರ ಮುಂದೆ ಯಾರ ಬಾಯಲ್ಲೂ ಬಂದದ್ದಿಲ್ಲ, ಹಾಗಾಗಿ ಅವಳ ಪಾಠ ನನಗೂ ಬೇಕಿತ್ತು.

ಒಂದು ಸಂಜೆ ನಾದುತ್ತ ನಾದುತ್ತ, ತಲೆ ಎತ್ತದೆ ಹೇಳಿದಳು, "ಕೊಮಾದ್ರೆ, ನನಗೂ ಗಂಟು ಐತಿ. ಹ್ವಾದ ಚಳಿಗಾಲದಿಂದ."

ಗಂಟು ಕಂಡರೆ ಮುಚ್ಚಿಡಬೇಡಿ ಎಂದು ನಾವು ಅವಳದೇ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದ ಮೆಸೇಜು ಅಷ್ಟರಲ್ಲಿ ಎಷ್ಟೋ ಹೆಂಗಸರ ಫೋನಿನಲ್ಲಿತ್ತು. ಗಂಡ ಎರ್ನಾನ್‌ಗೆ ಹೇಳಿದೆಯಾ ಎಂದು ಕೇಳಿದೆ.

"ಅವನ ಮುಂದ ಆ ಮಾತು ಹೆಂಗ ಆಡ್ಲಿ? ಇವರಿಗೆಲ್ಲಾ ಯಾವ ಮುಖ ತೋರಿಸ್ಲಿ?"

ಅವಳ ಕಿವಿಗಳು ಕೆಂಪೇರಿದ್ದವು. ಮರುದಿನವೇ ಜಿಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಕೋಟನ್ನು ಎದೆಗೆ ಬಿಗಿಹಿಡಿದು, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಕೂತಿದ್ದಳು. ಕೊನೆಗೂ ಎರ್ನಾನ್‌ಗೆ ವಿಷಯ ತಿಳಿಸಿದವರು ಡಾಕ್ಟರು. ಅಷ್ಟೊತ್ತಿಗೆ ರೋಗ ಹರಡಿ ತಡವಾಗಿತ್ತು.

ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ, ಆ ಮೆಸೇಜನ್ನು ತೆಗೆಯಬೇಡ ಅಂದಳು. "ನಾನೂ ನಾಚ್ಕೊಂಡು ಮುಚ್ಚಿಟ್ಟೆ ಅಂತ ಅದ್ರಾಗ ಸೇರ್ಸು." ಹೇಳಿ ಮುಖ ಗೋಡೆಗೆ ತಿರುಗಿಸಿಕೊಂಡಳು.

ಅವಳು ತೀರಿಕೊಂಡ ಮೇಲೆ ಒಂದು ಭಾನುವಾರ, ಚರ್ಚಿನಲ್ಲಿ ಪೂಜೆ ಮುಗಿದು ಗಂಡಸರು ಹೊರಗೆ ಸಿಗರೇಟು ಹಚ್ಚುತ್ತಿದ್ದಾಗ, ಎರ್ನಾನ್ ಅವರ ನಡುವೆ ಹೋಗಿ ನಿಂತ. ತನ್ನ ಹೆಂಡತಿಗೆ ಗಂಟು ಎಲ್ಲಿತ್ತೆಂದು ಆ ಅಂಗದ ಹೆಸರು ಹಿಡಿದು ಹೇಳಿದ. ಯಾರೂ ತಲೆ ಎತ್ತಲಿಲ್ಲ. ಅವನು ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದ.